ನಮ್ಮ ದಿನದ ಊಟದಲ್ಲಿ ಸಸಾರಜನಕ

(ಮುಖ್ಯೋಪಾಧ್ಯಾಯಿನಿಯವರಿಂದ)

ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. ಮಕ್ಕಳನ್ನು ಸಾಕಿದ ತಾಯಂದಿರು ಈ ಭೇದವನ್ನು ಅನುಭವದಿಂದ ಬಲ್ಲರು. ಎರಡು ಮುದ್ದೆ ಉಂಡು ಎದ್ದ ಬಾಲಿಕೆಯ ಹಸಿವು ಅಡಗಿರುತ್ತದೆ. ಆದರೂ ಅವಳು ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ, ಬೇಗನೆ ಆಯಾಸಪಡುತ್ತಾಳೆ, ಒಮ್ಮೆ ಜ್ವರ ಬಂದರೆ ಚೇತರಿಸಿಕೊಳ್ಳಲು ಬಹುದಿನ ಹಿಡಿಯುತ್ತದೆ. ಇದಕ್ಕೆ ಕಾರಣಗಳು ಅನೇಕ ಇರಬಹುದು. ಅವುಗಳಲ್ಲಿ ಮುಖ್ಯವಾದುದೂ ಮನೆಯಲ್ಲಿಯೇ ಸರಿಪಡಿಸತಕ್ಕದ್ದೂ ಆದ ಒಂದು ಕಾರಣವೆಂದರೆ ಊಟದಲ್ಲಿ ಸಸಾರಜನಕದ ಕೊರತೆ. ಪ್ರೋಟೀನ್ ಎಂದು ಎಲ್ಲರ ಬಾಯಲ್ಲಿಯೂ ಈಗ ಕೇಳಿಬರುವ ವಸ್ತುವೇ ಇದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಮನೆಗಳಿಗೆ ಈ ಸಂಚಿಕೆಯು ತಲುಪುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಇಂದು ಆ ಮನೆಗಳ ಅಡಿಗೆಯನ್ನು ನಡೆಸುತ್ತಿರುವ ಗೃಹಿಣಿಯರು. ಆದಕಾರಣ ಶಾಲೆಯಲ್ಲಿ ಕಲಿತ ಆರೋಗ್ಯಶಾಸ್ತ್ರದ ಒಂದು ಪಾಠವನ್ನು ಅವರ ಅಡಿಗೆಮನೆಗೆ ಅನ್ವಯಿಸಿ ಬರೆಯುವುದು ಉಚಿತವೆಂದು ತೋರಿತು. ನಮ್ಮ ಸೀಮೆಯ ಹೊಲಗಳಲ್ಲಿ ಸಸಾರಜನಕಕ್ಕೆ ಬಡತನವಿಲ್ಲ. ಬಡತನವಿರುವುದು ಹೊಲಕ್ಕೂ ತಟ್ಟೆಗೂ ನಡುವೆ. ಅದರಲ್ಲಿಯೂ ಹೆಣ್ಣುಮಕ್ಕಳ ತಟ್ಟೆಯಲ್ಲಿ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೧. ಸಸಾರಜನಕವೆಂದರೇನು?

ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ೭೮ ಪಾಲು ಸಾರಜನಕವೆಂಬ ಅನಿಲವಿದೆ. ಆದರೆ ಅದನ್ನು ಗಾಳಿಯಿಂದ ನೇರವಾಗಿ ದೇಹಕ್ಕೆ ಸೇರಿಸಿಕೊಳ್ಳುವ ಶಕ್ತಿ ಮನುಷ್ಯನಿಗಿಲ್ಲ. ಹುರುಳಿ, ಅವರೆ, ತೊಗರಿ, ಅಲಸಂದೆ, ಶೇಂಗಾ ಮುಂತಾದ ಗಿಡಗಳನ್ನು ಕಿತ್ತು ನೋಡಿದರೆ ಬೇರುಗಳಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡವು ಅದರಿಂದ ತನ್ನ ಕಾಳುಗಳನ್ನು ಪುಷ್ಟಿಗೊಳಿಸುತ್ತದೆ. ಸಾರಜನಕದಿಂದ ಕೂಡಿದ ವಸ್ತುವಾದುದರಿಂದಲೇ ಇದಕ್ಕೆ ಸಸಾರಜನಕವೆಂಬ ಹೆಸರು. ಪ್ರೋಟೀನ್ ಎಂಬ ಹೆಸರನ್ನು ೧೮೩೮ರಲ್ಲಿ ಮುಲ್ಡರ್ ಎಂಬ ಡಚ್ಚರ ರಸಾಯನಶಾಸ್ತ್ರಜ್ಞನು ಬಳಕೆಗೆ ತಂದನು. ಗ್ರೀಕ್ ಮೂಲದಲ್ಲಿ ಅದಕ್ಕೆ ಮೊದಲ ಸ್ಥಾನದ್ದು ಎಂಬ ಅರ್ಥವಿದೆ.

ಸಸಾರಜನಕವು ಒಂದೇ ಪದಾರ್ಥವಲ್ಲ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಚಿಕ್ಕ ಘಟಕಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದುದರಿಂದ ಸಾವಿರಾರು ವಿಧದ ಸಸಾರಜನಕಗಳು ಆಗುತ್ತವೆ. ಹಿಂದಿನ ಅಚ್ಚುಕೂಟಗಳಲ್ಲಿ ಮೊಳೆಗಳನ್ನು ಜೋಡಿಸಿ ಪುಟವನ್ನು ಕಟ್ಟುತ್ತಿದ್ದುದನ್ನು ಹಿರಿಯರು ಕಂಡಿರಬಹುದು. ಒಂದು ಅಕ್ಷರದ ಮೊಳೆಗಳು ಮುಗಿದುಹೋದರೆ ಉಳಿದವು ರಾಶಿಯಾಗಿದ್ದರೂ ಕೆಲಸವು ನಿಲ್ಲುತ್ತಿತ್ತು. ದೇಹದಲ್ಲಿಯೂ ಹಾಗೆಯೇ. ಇಪ್ಪತ್ತರಲ್ಲಿ ಒಂಬತ್ತು ಘಟಕಗಳನ್ನು ದೇಹವು ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಅವುಗಳಲ್ಲಿ ಒಂದು ಕಡಿಮೆಯಾದರೂ ಹೊಸ ಅಂಗಾಂಶದ ರಚನೆಯು ಅಷ್ಟಕ್ಕೆ ಕುಂಠಿತವಾಗುತ್ತದೆ.

೨. ಅದು ಮಾಡುವ ಕೆಲಸಗಳು

ಮಾಂಸಖಂಡ, ಚರ್ಮ, ಕೂದಲು, ಉಗುರು ಇವೆಲ್ಲವೂ ಮುಖ್ಯವಾಗಿ ಸಸಾರಜನಕದಿಂದಲೇ ಆದವು. ಎಲುಬಿಗೆ ಗಡಸುತನವನ್ನು ಸುಣ್ಣಾಂಶವು ಕೊಟ್ಟರೂ ಅದನ್ನು ಹಿಡಿದಿಡುವ ಒಳಗಿನ ಹಂದರವು ಸಸಾರಜನಕದ್ದೇ. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ನಡೆಯುವ ಹೀಮೋಗ್ಲೋಬಿನ್, ಆಹಾರವನ್ನು ಜೀರ್ಣಗೊಳಿಸುವ ಕಿಣ್ವಗಳು, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು, ಇನ್ಸುಲಿನ್ ಮೊದಲಾದ ಕೆಲವು ಗ್ರಂಥಿಸ್ರಾವಗಳು ಇದೇ ಕುಲಕ್ಕೆ ಸೇರಿದವು. ಆದುದರಿಂದ ಬೆಳೆಯುವ ಮಕ್ಕಳಿಗೆ ಮಾತ್ರ ಇದು ಬೇಕೆಂಬುದು ಸರಿಯಲ್ಲ. ಮುದುಕರ ದೇಹದಲ್ಲಿಯೂ ಹಳೆಯದು ಸವೆದು ಹೊಸದು ಕೂಡುವ ಕೆಲಸವು ಹಗಲಿರುಳೂ ನಡೆದೇ ಇರುತ್ತದೆ.

ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ಹೆಚ್ಚಾಗಿ ಉಂಡ ಅನ್ನವನ್ನು ದೇಹವು ಕೊಬ್ಬಾಗಿ ಕೂಡಿಡಬಲ್ಲದು. ಸಸಾರಜನಕಕ್ಕೆ ಅಂತಹ ಕಣಜವಿಲ್ಲ. ಹಬ್ಬದ ದಿನ ಬೇಕಾದಷ್ಟು ಹೋಳಿಗೆಯನ್ನೋ ಮಾಂಸವನ್ನೋ ಉಂಡು ಉಳಿದ ಆರು ದಿನ ಬರಿಯ ಅನ್ನ ಸಾರಿನಲ್ಲಿ ಕಳೆದರೆ ಹಬ್ಬದ ಊಟವು ಆ ಆರು ದಿನಗಳಿಗೆ ಒದಗುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಪ್ರತಿದಿನವೂ, ಸಾಧ್ಯವಾದರೆ ಪ್ರತಿ ಊಟದಲ್ಲಿಯೂ ಬೇಕು.

ಅಲ್ಲದೆ, ಒಟ್ಟು ಊಟವೇ ಸಾಲದಿದ್ದಾಗ ದೇಹವು ಸಸಾರಜನಕವನ್ನು ಇಂಧನವಾಗಿ ಉರಿಸಿಬಿಡುತ್ತದೆ. ಸೌದೆಯಿಲ್ಲವೆಂದು ಮನೆಯ ತೊಲೆಯನ್ನು ಕಡಿದು ಒಲೆಗೆ ಇಟ್ಟಂತೆ ಅದು. ಹೊಟ್ಟೆತುಂಬ ಧಾನ್ಯವೂ ಅದರೊಡನೆ ಕಾಳೂ ಇದ್ದಾಗಲೇ ತೊಲೆ ಉಳಿಯುತ್ತದೆ, ಒಲೆಯೂ ಉರಿಯುತ್ತದೆ.

ಕೊರತೆಯು ತೀವ್ರವಾದಾಗ ಮಕ್ಕಳ ಪಾದ ಮುಖಗಳು ಬಾತು, ಕೂದಲಿನ ಬಣ್ಣ ಕೆಟ್ಟು, ಮಗುವು ಮಂಕಾಗುತ್ತದೆ. ಆಫ್ರಿಕದ ಗೋಲ್ಡ್ ಕೋಸ್ಟ್ ಸೀಮೆಯಲ್ಲಿ ಕೆಲಸಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ೧೯೩೩ರಲ್ಲಿ ಈ ರೋಗವನ್ನು ವಿವರಿಸಿ, ೧೯೩೫ರಲ್ಲಿ ಅಲ್ಲಿನ ಜನರ ಮಾತಿನಂತೆ ಕ್ವಾಷಿಯೋರ್ಕರ್ ಎಂದು ಅದರ ಹೆಸರನ್ನು ಪ್ರಕಟಿಸಿದರು. ತಮ್ಮನೋ ತಂಗಿಯೋ ಹುಟ್ಟಿದಾಗ ಮೊಲೆಹಾಲು ತಪ್ಪಿ, ಬರಿಯ ಹಿಟ್ಟಿನ ಗಂಜಿಗೆ ಬಿದ್ದ ಮಗುವಿಗೆ ಅದು ತಗಲುತ್ತಿತ್ತು. ಅಂತಹ ತೀವ್ರರೂಪವು ನಮ್ಮಲ್ಲಿ ಈಗ ವಿರಳ. ಕಣ್ಣಿಗೆ ಬೀಳದ ಮಂದರೂಪವೇ ಹೆಚ್ಚು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರು. ಇದಕ್ಕೆಲ್ಲ ಸಸಾರಜನಕವೊಂದೇ ಕಾರಣವಲ್ಲ. ಕಬ್ಬಿಣಾಂಶದ ಕೊರತೆ, ಪದೇಪದೇ ಬರುವ ಬೇನೆಗಳು, ಅಶುದ್ಧವಾದ ನೀರು ಇವೂ ಸೇರಿವೆ. ಆದರೆ ಕಾಳು, ಸೊಪ್ಪು, ಹಾಲು, ಮೊಟ್ಟೆಗಳಿಲ್ಲದ ಬಡ ಊಟವು ಈ ಎಲ್ಲ ಕೇಡುಗಳಿಗೂ ಬಾಗಿಲು ತೆರೆಯುತ್ತದೆ.

೩. ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಬೇಕು. ಎಂದರೆ ೫೫ ಕಿಲೋ ತೂಗುವ ಸ್ತ್ರೀಗೆ ಸುಮಾರು ೪೬ ಗ್ರಾಂ, ೬೫ ಕಿಲೋ ತೂಗುವ ಪುರುಷನಿಗೆ ೫೪ ಗ್ರಾಂ. ಧಾನ್ಯವನ್ನೇ ಬಹುವಾಗಿ ನಂಬಿದವರಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಸುಮಾರು ೯ ಗ್ರಾಂ, ಕೊನೆಯ ಮೂರು ತಿಂಗಳಲ್ಲಿ ೨೨ ಗ್ರಾಂ, ಮೊಲೆಯೂಡುವ ತಾಯಿಗೆ ಮೊದಲ ಆರು ತಿಂಗಳು ೧೭ ಗ್ರಾಂ ಅಧಿಕವಾಗಿ ಸಲ್ಲಬೇಕು.

ಪೋಷಕರು ಇದೇ ಪಟ್ಟಿಯಲ್ಲಿ ಮತ್ತೊಂದು ಸಾಲನ್ನು ನೋಡಬೇಕು. ಹತ್ತರಿಂದ ಹನ್ನೆರಡು ವಯಸ್ಸಿನ ಬಾಲಕನಿಗೆ ದಿನಕ್ಕೆ ೩೨ ಗ್ರಾಂ, ಅದೇ ವಯಸ್ಸಿನ ಬಾಲಿಕೆಗೆ ೩೩ ಗ್ರಾಂ. ಹದಿಮೂರರಿಂದ ಹದಿನೈದರವರೆಗೆ ಬಾಲಕನಿಗೆ ೪೫, ಬಾಲಿಕೆಗೆ ೪೩. ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಮೊದಲೇ ಬೆಳವಣಿಗೆಯ ಭರಕ್ಕೆ ಬರುವುದೇ ಇದಕ್ಕೆ ಕಾರಣ. ಹುಡುಗಿಗೆ ಹುಡುಗನಷ್ಟು ಬೇಡವೆಂಬ ಮಾತಿಗೆ ಶರೀರಶಾಸ್ತ್ರದ ಬೆಂಬಲವಿಲ್ಲ.

೪. ನಮ್ಮ ಸೀಮೆಯ ಕಣಜ

ನೂರು ಗ್ರಾಂ ಪದಾರ್ಥದಲ್ಲಿರುವ ಸಸಾರಜನಕವು ಸುಮಾರಾಗಿ ಈ ರೀತಿ ಇದೆ:

ರಾಗಿ — ೭ ಗ್ರಾಂ
ಅಕ್ಕಿ — ೮ ಗ್ರಾಂ
ಜೋಳ — ೧೦ ಗ್ರಾಂ
ನವಣೆ — ೧೨ ಗ್ರಾಂ
ಹುರುಳಿ, ತೊಗರಿಬೇಳೆ, ಕಡಲೆಬೇಳೆ — ೨೧ರಿಂದ ೨೨ ಗ್ರಾಂ
ಹೆಸರುಕಾಳು, ಅಲಸಂದೆ — ೨೨ರಿಂದ ೨೪ ಗ್ರಾಂ
ಶೇಂಗಾ ಬೀಜ — ೨೪ ಗ್ರಾಂ
ಹಸುವಿನ ಹಾಲು — ೩ ಗ್ರಾಂ
ಕೋಳಿಮೊಟ್ಟೆ — ೧೩ ಗ್ರಾಂ (ಒಂದು ಮೊಟ್ಟೆಯಲ್ಲಿ ಸುಮಾರು ೬)
ಮೀನು, ಕುರಿಮಾಂಸ — ೧೮ರಿಂದ ೨೦ ಗ್ರಾಂ

ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಹಿರಿಮೆಯ ವಿವಾದವೆದ್ದು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಪರೀಕ್ಷಿಸಿದ ಪ್ರಸಂಗವನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಅಲ್ಲಿ ರಾಗಿಯೇ ಗೆದ್ದಿತು. ಸುಣ್ಣಾಂಶದ ವಿಷಯದಲ್ಲಿ ಇಂದಿಗೂ ಅದೇ ತೀರ್ಪು ನಿಲ್ಲುತ್ತದೆ. ಅಕ್ಕಿಗಿಂತ ಮೂವತ್ತು ಪಟ್ಟಿಗೂ ಮಿಕ್ಕು ರಾಗಿಯಲ್ಲಿದೆ. ಸಸಾರಜನಕದ ವಿಷಯದಲ್ಲಾದರೋ ಮೇಲಿನ ಪಟ್ಟಿಯು ತೋರಿಸುವಂತೆ ಇಬ್ಬರೂ ಹೆಚ್ಚುಕಡಿಮೆ ಸಮಾನರು, ಇಬ್ಬರೂ ಸಾಲದವರು. ಎರಡಕ್ಕೂ ಕಾಳಿನ ಜೊತೆ ಬೇಕು.

ಜೊತೆಯೆಂದುದಕ್ಕೆ ವಿಶೇಷಾರ್ಥವಿದೆ. ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವು ಕಡಿಮೆ. ದ್ವಿದಳ ಕಾಳುಗಳಲ್ಲಿ ಅದು ಸಮೃದ್ಧ. ಕಾಳುಗಳಲ್ಲಿ ಮೆಥಿಯೊನೀನ್ ಎಂಬುದು ಕಡಿಮೆ. ಧಾನ್ಯಗಳಲ್ಲಿ, ಅದರಲ್ಲಿಯೂ ರಾಗಿಯಲ್ಲಿ, ಅದು ಸಾಕಷ್ಟಿದೆ. ಒಂದರ ಮೊಳೆಪೆಟ್ಟಿಗೆಯಲ್ಲಿ ಬರಿದಾದ ಮನೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿಸಾರು, ರೊಟ್ಟಿಗೆ ಕಾಳುಪಲ್ಯ, ಅನ್ನಕ್ಕೆ ಹುಳಿ, ಅಕ್ಕಿಗೆ ಉದ್ದು ಬೆರೆಸಿದ ದೋಸೆ ಇವು ರುಚಿಗಾಗಿ ಮಾತ್ರ ಕೂಡಿದವಲ್ಲ. ಹಿರಿಯರು ಹೆಸರು ತಿಳಿಯದೆಯೇ ಇವುಗಳ ಹೊಂದಿಕೆಯನ್ನು ಕಂಡುಕೊಂಡಿದ್ದರು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎಂಬುದು ಇಂದಿನ ಆಹಾರಶಾಸ್ತ್ರಜ್ಞರು ಹೇಳುವ ಅಳತೆ.

ಈ ಜೋಡಿಯು ಮೊದಲು ಹೊಲದಲ್ಲಿಯೇ ಇತ್ತು. ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲುಗಳಾಗಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಅಕ್ಕಡಿಯ ಕಾಳು ಮನೆಯ ಮಡಕೆಗೆಂದೇ ಉಳಿಯುತ್ತಿತ್ತು. ಅದರ ಬೇರಿನ ಗಂಟುಗಳು ನೆಲವನ್ನೂ ಪುಷ್ಟಿಗೊಳಿಸುತ್ತಿದ್ದುವು. ಈಚಿನ ಕೆಲವು ದಶಕಗಳಲ್ಲಿ ಚಿತ್ರದುರ್ಗ ಹೊಳಲ್ಕೆರೆಗಳ ಕಡೆ ಮೆಕ್ಕೆಜೋಳವೂ ಅಡಿಕೆಯೂ ವಿಸ್ತರಿಸಿ ಅಕ್ಕಡಿಯ ಸಾಲುಗಳು ಬಹಳ ಕಡೆ ಮರೆಯಾಗಿವೆ. ಮೆಕ್ಕೆಜೋಳವು ಬಹುಪಾಲು ಕೋಳಿಯ ಮೇವಿಗಾಗಿ ಮಾರಾಟವಾಗುತ್ತದೆ. ರೈತನಿಗೆ ಹಣ ಬರುವುದು ಸಂತೋಷವೇ. ಆದರೆ ಹಿಂದೆ ಹೊಲದಿಂದ ನೇರವಾಗಿ ಮಡಕೆಗೆ ಬರುತ್ತಿದ್ದ ಕಾಳನ್ನು ಈಗ ಅಂಗಡಿಯಿಂದ ಕೊಳ್ಳಬೇಕು. ಕೊಳ್ಳುವಾಗ ಕೈ ಹಿಡಿತವಾಗುತ್ತದೆ. ಹಿಡಿತವಾದಷ್ಟೂ ಸಾರು ತೆಳುವಾಗುತ್ತದೆ. ಹೊಸದುರ್ಗದ ಕಡೆಯ ನವಣೆ ಸಾಮೆಗಳು, ಹಿರಿಯೂರಿನ ಕಡೆಯ ಕಪ್ಪುನೆಲದ ಕಡಲೆ, ವಾಣೀವಿಲಾಸಸಾಗರದ ಮೀನು, ಎಲ್ಲೆಡೆಯೂ ಇರುವ ಶೇಂಗಾ ಹುರುಳಿಗಳು ಇನ್ನೂ ನಮ್ಮ ಕೈಗೆ ನಿಲುಕುವಲ್ಲಿವೆ ಎಂಬುದನ್ನು ಮರೆಯಬಾರದು.

೫. ಮೈಸೂರಿನಲ್ಲಿ ನಡೆದ ಒಂದು ಪ್ರಯತ್ನ

ಶೇಂಗಾ ಕಡಲೆಗಳ ಬೆಲೆಯನ್ನು ವಿಜ್ಞಾನಿಗಳು ಹೇಗೆ ಕಂಡರೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರ ಅಕ್ಟೋಬರಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಡಾಕ್ಟರ್ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಎಂಬ ಪುಷ್ಟಿಹಿಟ್ಟನ್ನು ತಯಾರಿಸಿದರು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವಗಳೂ ಸುಣ್ಣಾಂಶವೂ. ನೂರರಲ್ಲಿ ಸುಮಾರು ೪೦ ಪಾಲು ಸಸಾರಜನಕ. ಶೇಂಗಾದಲ್ಲಿ ಕಡಿಮೆಯಾದ ಲೈಸೀನನ್ನು ಕಡಲೆಯು ತುಂಬಿಕೊಟ್ಟಿತು. ಹಾಲಿಗೆ ಗತಿಯಿಲ್ಲದ ಮಕ್ಕಳಿಗೆ ನಮ್ಮ ನೆಲದ ಕಾಳುಗಳೇ ಆಧಾರವಾಗಬಲ್ಲವೆಂಬುದು ಇದರಿಂದ ಸ್ಥಾಪಿತವಾಯಿತು.

ಆ ಕಾಲದ ಅನುಭವದಿಂದ ಎರಡು ಎಚ್ಚರಿಕೆಗಳೂ ದೊರೆತುವು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯನ್ನು ತಿಂದ ಲಕ್ಷಕ್ಕೆ ಮಿಕ್ಕು ಟರ್ಕಿಕೋಳಿಗಳು ಸತ್ತುವು. ತೇವದಲ್ಲಿಟ್ಟ ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಅದಕ್ಕೆ ಕಾರಣವೆಂದು ಬಳಿಕ ಗೊತ್ತಾಯಿತು. ಆದುದರಿಂದ ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಲೇಬೇಕು. ಹುರಿದರೆ ವಿಷ ಹೋದೀತೆಂದು ನಂಬಬಾರದು. ಎರಡನೆಯದು, ಡಾಕ್ಟರ್ ಸಿ. ಗೋಪಾಲನ್ ಮೊದಲಾದ ಪೋಷಣಶಾಸ್ತ್ರಜ್ಞರು ಎತ್ತಿ ತೋರಿಸಿದುದು: ಊಟವೇ ಸಾಲದ ಮಗುವಿಗೆ ಪುಷ್ಟಿಹಿಟ್ಟೊಂದನ್ನೇ ಕೊಟ್ಟು ಫಲವಿಲ್ಲ, ಮನೆಯ ಒಟ್ಟು ಊಟವು ಹೆಚ್ಚಬೇಕು. ಡಬ್ಬಿಗಳಲ್ಲಿ ಬರುವ ಪ್ರೋಟೀನ್ ಪುಡಿಗಳಿಗೆ ಹಣ ಸುರಿಯುವ ಇಂದಿನ ಪೋಷಕರಿಗೂ ಈ ಮಾತು ಅನ್ವಯಿಸುತ್ತದೆ.

೬. ಬಸಿದ ನೀರೂ ಉಳಿದ ಕಾಳೂ

ಈಗ ಮಡಕೆಯೊಳಗೆ ನೋಡೋಣ. ನಮ್ಮ ಸೀಮೆಯ ಬಸ್ಸಾರು ಎಲ್ಲರಿಗೂ ಪ್ರಿಯವಾದುದು. ಕಾಳು ಸೊಪ್ಪುಗಳನ್ನು ಬೇಯಿಸಿ, ನೀರನ್ನು ಬಸಿದು, ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾರೆ; ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರೆ. ಶಕ್ತಿಯೆಲ್ಲ ಕಟ್ಟಿಗೆ ಇಳಿಯಿತೆಂಬ ನಂಬಿಕೆ ಹಲವರಲ್ಲಿದೆ. ವಾಸ್ತವವಾಗಿ ಕೆಲವು ಲವಣಗಳೂ ಜೀವಸತ್ವಗಳೂ ನೀರಿಗೆ ಇಳಿಯುತ್ತವೆ. ಸಸಾರಜನಕದ ಬಹುಪಾಲು ಕಾಳಿನಲ್ಲಿಯೇ ನಿಲ್ಲುತ್ತದೆ. ಸಾರನ್ನೂ ಪಲ್ಯವನ್ನೂ ಕೂಡಿಯೇ ಉಂಡವರಿಗೆ ಯಾವ ನಷ್ಟವೂ ಇಲ್ಲ.

ನಷ್ಟವಾಗುವುದು ಕಡೆಗೆ ಉಣ್ಣುವವರಿಗೆ. ಗಂಡಸರು ಉಂಡು, ಗಂಡುಮಕ್ಕಳು ಉಂಡು, ಬಂದವರು ಉಂಡ ಮೇಲೆ ತಾಯಿಯೂ ದೊಡ್ಡ ಮಗಳೂ ಕುಳಿತುಕೊಳ್ಳುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಆ ವೇಳೆಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಸಾರಿಗೆ ಒಂದೆರಡು ಲೋಟ ನೀರು ಸೇರಿರುತ್ತದೆ. ಯಾರೂ ದ್ವೇಷದಿಂದ ಹೀಗೆ ಮಾಡುವುದಿಲ್ಲ. ತಾಯಿಯೇ ಪ್ರೀತಿಯಿಂದ ತನ್ನ ಪಾಲನ್ನು ಬಡಿಸಿಬಿಡುತ್ತಾಳೆ, ಮಗಳಿಗೂ ಅದನ್ನೇ ಕಲಿಸುತ್ತಾಳೆ. ಫಲವನ್ನು ಲೆಕ್ಕದಲ್ಲಿ ನೋಡಬಹುದು.

ಹದಿನಾಲ್ಕು ವರ್ಷದ ಇಬ್ಬರು ಬಾಲಿಕೆಯರನ್ನು ಭಾವಿಸೋಣ. ಇಬ್ಬರೂ ದಿನಕ್ಕೆ ೨೦೦ ಗ್ರಾಂ ರಾಗಿಹಿಟ್ಟಿನ ಮುದ್ದೆಯನ್ನೂ ೧೦೦ ಗ್ರಾಂ ಅಕ್ಕಿಯ ಅನ್ನವನ್ನೂ ಉಣ್ಣುತ್ತಾರೆ; ಇದರಿಂದ ೧೪ ಮತ್ತು ೮, ಒಟ್ಟು ೨೨ ಗ್ರಾಂ ಸಸಾರಜನಕ. ಮೊದಲನೆಯವಳಿಗೆ ತೆಳುಸಾರಿನ ಮೂಲಕ ೧೫ ಗ್ರಾಂ ಬೇಳೆ ಸೇರಿದರೆ ೩ ಗ್ರಾಂ ಕೂಡಿ ೨೫ ಆಯಿತು. ಬೇಕಾದುದು ೪೩. ಎರಡನೆಯವಳು ೬೦ ಗ್ರಾಂ ಕಾಳುಬೇಳೆಯನ್ನೂ (೧೩) ಒಂದು ಹಿಡಿ, ಎಂದರೆ ೨೫ ಗ್ರಾಂ, ಶೇಂಗಾವನ್ನೂ (೬) ಒಂದು ದೊಡ್ಡ ಲೋಟ ಹಾಲನ್ನು ಅಥವಾ ಮೊಸರನ್ನೂ (೬) ಪಡೆದರೆ ಒಟ್ಟು ೪೭. ಹೊಟ್ಟೆ ಇಬ್ಬರಿಗೂ ತುಂಬಿದೆ. ಮೈ ತುಂಬುವುದು ಒಬ್ಬಳಿಗೆ ಮಾತ್ರ. ಇಬ್ಬರ ನಡುವಣ ಅಂತರವು ಒಂದು ಸೌಟು ಕಾಳು, ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು.

ಈ ಮೊದಲನೆಯ ಹುಡುಗಿಯೇ ಕೆಲವು ವರ್ಷಗಳಲ್ಲಿ ತಾಯಿಯಾಗುತ್ತಾಳೆ. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಆಗ ಗರ್ಭಿಣಿಯ ಊಟವನ್ನು ತಗ್ಗಿಸುವುದೂ, ಬೇಳೆ ವಾಯುವೆಂದು ಬಾಣಂತಿಗೆ ತಿಂಗಳುಗಟ್ಟಲೆ ಬರಿಯ ಅನ್ನ ತಿಳಿಸಾರಿನ ಪಥ್ಯ ಮಾಡಿಸುವುದೂ ಉಂಟು. ದೇಹವು ಅತ್ಯಧಿಕವಾಗಿ ಬೇಡುವ ಕಾಲದಲ್ಲಿಯೇ ನಾವು ಕೈಬಿಗಿ ಹಿಡಿಯುತ್ತೇವೆ. ಚೆನ್ನಾಗಿ ಬೆಂದ ಹೆಸರುಬೇಳೆ, ಹಾಲು, ಒಗ್ಗುವವರಿಗೆ ಮೊಟ್ಟೆ, ಮಾಂಸದ ಸಾರಿನೊಡನೆ ಮಾಂಸವೂ ಬಾಣಂತಿಗೆ ಹಿತವೇ. ೨೦೧೭ರ ಅಕ್ಟೋಬರಿನಿಂದ ರಾಜ್ಯದಲ್ಲೆಲ್ಲ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟವನ್ನು ಗೊತ್ತುಮಾಡಿದುದು ಈ ಕಾರಣದಿಂದಲೇ.

ಮಕ್ಕಳಿಗಾಗಿ ಸರ್ಕಾರವು ಮಾಡಿದ ಏರ್ಪಾಡುಗಳನ್ನೂ ಇಲ್ಲಿ ನೆನೆಯಬೇಕು. ೨೦೧೩ರ ಆಗಸ್ಟ್ ೧ರಂದು ಆರಂಭವಾದ ಕ್ಷೀರಭಾಗ್ಯದಿಂದ ಶಾಲಾಮಕ್ಕಳಿಗೆ ೧೫೦ ಮಿಲಿಲೀಟರ್ ಹಾಲು ದೊರೆಯುವಂತಾಯಿತು. ಬಿಸಿಯೂಟದೊಡನೆ ಮೊಟ್ಟೆ ಕೊಡುವ ಯೋಜನೆಯು ೨೦೨೧ರ ಡಿಸೆಂಬರಿನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ೨೦೨೨ರಲ್ಲಿ ಎಲ್ಲ ಜಿಲ್ಲೆಗಳಿಗೂ ಹರಡಿತು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಉಂಟು. ಹಣ್ಣು ಒಳ್ಳೆಯದೇ, ಆದರೆ ಅದರಲ್ಲಿ ಸಸಾರಜನಕವು ಒಂದು ಗ್ರಾಮಿನಷ್ಟು ಮಾತ್ರ. ಆಚಾರದ ಕಾರಣದಿಂದ ಮೊಟ್ಟೆಯನ್ನು ಬಿಟ್ಟ ಮನೆಯವರು ಅದರ ಸ್ಥಾನವನ್ನು ಕಾಳು, ಶೇಂಗಾ, ಮೊಸರುಗಳಿಂದ ತುಂಬುವುದನ್ನು ಮರೆಯಬಾರದು.

೭. ಗೃಹಿಣಿಯರಿಗೆ ಕೆಲವು ಸಲಹೆಗಳು

(೧) ಕಾಳನ್ನು ರಾತ್ರಿ ನೆನೆಹಾಕಿ, ಸಾಧ್ಯವಾದರೆ ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿರಿ. ಮೊಳಕೆಯಿಂದ ಸಸಾರಜನಕವು ಹೆಚ್ಚದಿದ್ದರೂ ಜೀರ್ಣವು ಸುಲಭವಾಗುತ್ತದೆ. ಬೇಗ ಬೇಯಲೆಂದು ಸೋಡ ಹಾಕಿದರೆ ಜೀವಸತ್ವವು ಕೆಡುತ್ತದೆ.

(೨) ಶಾಲೆಗೆ ಬರುವ ಮಕ್ಕಳಿಗೆ ಬೆಳಗಿನ ಉಪಾಹಾರವು ಬರಿಯ ಚಿತ್ರಾನ್ನ ಉಪ್ಪಿಟ್ಟಾಗದಿರಲಿ. ಹುರಿಗಡಲೆಯ ಚಟ್ನಿ, ಶೇಂಗಾ ಚಟ್ನಿಪುಡಿ, ಮೊಸರು ಇವುಗಳಲ್ಲಿ ಒಂದಾದರೂ ಜೊತೆಗಿರಲಿ. ಚಹಕ್ಕೆ ಬೆರೆಸಿದ ಎರಡು ಚಮಚ ಹಾಲನ್ನು ಹಾಲೆಂದು ಲೆಕ್ಕ ಹಿಡಿಯಬೇಡಿರಿ.

(೩) ಆರು ತಿಂಗಳು ತುಂಬಿದ ಕೂಸಿಗೆ ಮೊಲೆಹಾಲಿನೊಡನೆ ರಾಗಿ ಸರಿಯನ್ನು ಕೊಡುವಾಗ ಹೆಸರುಬೇಳೆಯ ಅಥವಾ ಹುರಿಗಡಲೆಯ ಹಿಟ್ಟನ್ನು ಮೂರಕ್ಕೊಂದರಂತೆ ಬೆರೆಸಿರಿ.

(೪) ವೃದ್ಧರಿಗೆ ಹಲ್ಲಿಲ್ಲವೆಂದು ತಿಳಿಸಾರನ್ನವನ್ನೇ ಬಡಿಸಬೇಡಿರಿ. ಕಾಳನ್ನು ಮಸೆದು ಕೊಡಿರಿ, ಮೊಸರನ್ನು ಹೆಚ್ಚಿಸಿರಿ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

(೫) ಹೊಲವುಳ್ಳವರು ನಾಲ್ಕು ಸಾಲು ಅಕ್ಕಡಿಯನ್ನು ಮನೆಯ ಖರ್ಚಿಗಾದರೂ ಬಿತ್ತಿರಿ.

(೬) ಕಾಳುಪಲ್ಯವನ್ನು ಮೊದಲೇ ಮನೆಯವರ ಸಂಖ್ಯೆಗೆ ಸರಿಯಾಗಿ ಪಾಲುಮಾಡಿ, ಕಡೆಗೆ ಉಣ್ಣುವವರ ಪಾಲನ್ನು ಬೇರೆ ಬಟ್ಟಲಲ್ಲಿ ತೆಗೆದಿಡಿರಿ. ಎಲ್ಲರೂ ಕೂಡಿ ಕುಳಿತು ಉಣ್ಣುವುದು ಇನ್ನೂ ಉತ್ತಮ.

ಕಡೆಯದಾಗಿ ಒಂದು ಮನೆಪಾಠ. ಹಳೆಯ ವಿದ್ಯಾರ್ಥಿನಿಯರು ಕಾಗದ ಪೆನ್ಸಿಲು ಹಿಡಿದು ಒಂದು ವಾರದ ಮಟ್ಟಿಗೆ ತಮ್ಮ ಮನೆಗೆ ತೆಗೆದ ಧಾನ್ಯವನ್ನೂ ಕಾಳುಬೇಳೆಯನ್ನೂ ಅಳೆದು ಬರೆಯಲಿ. ಮೂರಕ್ಕೆ ಒಂದು ಬಂದಿತೇ, ಹತ್ತಕ್ಕೆ ಒಂದು ಬಂದಿತೇ ಎಂಬುದು ತಾನಾಗಿ ತಿಳಿಯುತ್ತದೆ. ಅನಂತರ ಆ ಕಾಳಿನಲ್ಲಿ ತಮ್ಮ ತಟ್ಟೆಗೂ ತಮ್ಮ ಹೆಣ್ಣುಮಕ್ಕಳ ತಟ್ಟೆಗೂ ಎಷ್ಟು ಬಿದ್ದಿತೆಂಬುದನ್ನು ಇನ್ನೊಂದು ಸಾಲಿನಲ್ಲಿ ಬರೆಯಲಿ. ಮೊದಲ ಸಾಲನ್ನು ಸರಿಪಡಿಸಲು ಸ್ವಲ್ಪ ಹಣ ಬೇಕಾದೀತು. ಎರಡನೆಯದಕ್ಕೆ ಒಂದು ಸೌಟು ಸಾಕು.